ಮಾಳಿಗೆ, ಪತ್ರಾ, ಗುಮ್ಮಟ: ಚಾವಣಿಯ ಮೇಲ್ಮೈ ಅಳೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಊರುಗಳಲ್ಲಿ ಒಂದೇ ಓಣಿಯಲ್ಲಿ ನಾಲ್ಕು ಬಗೆಯ ಚಾವಣಿಗಳು ಕಾಣಸಿಗುತ್ತವೆ: ಹಳೆಯ ಮಣ್ಣಿನ ಮಾಳಿಗೆ, ಅದರ ಮಗ್ಗುಲಿಗೆ ಆರ್‌ಸಿಸಿ ಸ್ಲ್ಯಾಬು, ಹಿತ್ತಲಲ್ಲಿ ದನಗಳಿಗೆಂದು ಹಾಕಿದ ಪತ್ರಾ (ಅಲೆಅಲೆಯಾದ ತಗಡು) ಶೆಡ್ಡು, ಓಣಿಯ ಕೊನೆಗೆ ಮಸೀದಿಯದೋ ಮಠದ ಗದ್ದುಗೆಯದೋ ಗುಮ್ಮಟ. ಬೇಸಿಗೆಗೆ ಮುನ್ನ ಬಿಳಿ ಬಣ್ಣ ಬಳಿಸುವವರೂ ಮಳೆಗಾಲಕ್ಕೆ ಮುನ್ನ ಸೋರಿಕೆ ತಡೆಯುವ ಲೇಪ ಹಾಕಿಸುವವರೂ ಶೆಡ್ಡಿಗೆ ಪತ್ರಾ ಕೊಳ್ಳುವವರೂ ಮೊದಲು ತಿಳಿಯಬೇಕಾದದ್ದು ಆ ಚಾವಣಿಯ ಕ್ಷೇತ್ರಫಲವನ್ನು. ಅಳತೆಯ ಕೆಲಸದಲ್ಲಿ ನನ್ನನ್ನು ಹೆಚ್ಚಾಗಿ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮನೆಯ ಕ್ಷೇತ್ರಫಲ ಗೊತ್ತಿದ್ದರೆ ಚಾವಣಿಯ ಕ್ಷೇತ್ರಫಲವೂ ಗೊತ್ತಾದಂತೆ ಅಲ್ಲವೇ?

ಅಲ್ಲ. ಮನೆಯ ಕ್ಷೇತ್ರಫಲವೆಂದರೆ ನೆಲದ ಮೇಲೆ ಮನೆ ಎಷ್ಟು ಜಾಗ ಹಿಡಿದಿದೆ ಎಂಬ ಲೆಕ್ಕ. ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದಾಗ ಚಾವಣಿಯ ನೆರಳು ನೆಲದ ಮೇಲೆ ಬೀಳುವ ಅಳತೆಯೂ ಹೆಚ್ಚುಕಡಿಮೆ ಅದೇ ಆಗಿರುತ್ತದೆ. ಚಾವಣಿಯ ಮೇಲ್ಮೈ ಅದಕ್ಕಿಂತ ಭಿನ್ನ. ಅದು ಗೋಡೆಯಾಚೆಗೆ ಚಾಚಿಕೊಂಡಿರುತ್ತದೆ, ಇಳಿಜಾರಿದ್ದರೆ ಹಿಗ್ಗುತ್ತದೆ, ಗುಮ್ಮಟವಾದರೆ ಇಮ್ಮಡಿಯಾಗುವುದೂ ಉಂಟು. ಹೀಗಾಗಿ ಪ್ರತಿಯೊಂದು ಚಾವಣಿಗೂ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಒಂದು ನೆರಳಿನ ಅಳತೆ, ಇನ್ನೊಂದು ಮೈಯಳತೆ. ಬಣ್ಣ, ಲೇಪ, ಪತ್ರಾ, ಹೆಂಚು ಇವೆಲ್ಲ ಮೈಯಳತೆಯ ಲೆಕ್ಕಕ್ಕೆ ಸೇರುತ್ತವೆ. ಮಳೆನೀರು ನೆರಳಿನ ಅಳತೆಗೆ ಸೇರುತ್ತದೆ. ನಾನು ಕಂಡ ತಪ್ಪು ಲೆಕ್ಕಗಳಲ್ಲಿ ಬಹುಪಾಲು ಈ ಎರಡನ್ನು ಅದಲುಬದಲು ಮಾಡಿದ್ದರಿಂದಲೇ ಆದವು.

ಅಡಿ, ಮೀಟರ್, ಬ್ರಾಸ್ ಇವುಗಳಲ್ಲಿ ಯಾವುದರಲ್ಲಿ ಅಳೆಯಬೇಕು?

ಟೇಪು ಯಾವುದಾದರೂ ಸರಿ, ಕೊನೆಯವರೆಗೆ ಒಂದೇ ಮಾನದಲ್ಲಿ ನಡೆಯಬೇಕು. 1 ಚದರ ಮೀಟರ್ ಎಂದರೆ 10.764 ಚದರ ಅಡಿ. ನಮ್ಮ ಕಡೆ ಗೌಂಡಿಗಳು, ಅಂದರೆ ಗಾರೆ ಕೆಲಸದವರು, ಬ್ರಾಸ್ ಎಂಬ ಮಾತನ್ನು ಬಳಸುತ್ತಾರೆ. ಕ್ಷೇತ್ರಫಲದ ಮಾತು ಬಂದಾಗ ಅದು 100 ಚದರ ಅಡಿ, ಮರಳು ಅಥವಾ ಮಣ್ಣಿನ ಮಾತು ಬಂದಾಗ 100 ಘನ ಅಡಿ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆಯುವಾಗ ಯಾವುದು ಯಾವುದೆಂದು ಬಿಡಿಸಿ ಬರೆಯಬೇಕು.

ಇದಕ್ಕಿಂತ ದೊಡ್ಡ ಅಪಾಯ ಅಂಗುಲದಲ್ಲಿದೆ. 39 ಅಡಿ 9 ಅಂಗುಲವನ್ನು ಕ್ಯಾಲ್ಕುಲೇಟರಿನಲ್ಲಿ 39.9 ಎಂದು ಒತ್ತುವವರು ಬಹಳ ಮಂದಿ. ಅಡಿಗೆ 12 ಅಂಗುಲವಾದ್ದರಿಂದ 9 ಅಂಗುಲವೆಂದರೆ ಮುಕ್ಕಾಲು ಅಡಿ, ಅಂದರೆ 39.75. ಹಾಗೆಯೇ 6 ಅಂಗುಲಕ್ಕೆ 0.5, 3 ಅಂಗುಲಕ್ಕೆ 0.25. ನನ್ನದೇ ಮನೆಯ ಲೇಪದ ಬಿಲ್ಲಿನಲ್ಲಿ 20 ಅಡಿ 10 ಅಂಗುಲವು 20.10 ಆಗಿ ಕುಳಿತಿತ್ತು. ಅದು 20.83 ಆಗಬೇಕಿತ್ತು. ಆ ಸಲ ಕಡಿಮೆ ಬಂದದ್ದು ಕೆಲಸ ಮಾಡಿದವನ ಕೂಲಿ. ತಿದ್ದಿಸಿಯೇ ಹಣ ಕೊಟ್ಟೆ.

30×40 ನಿವೇಶನದ ಪೂರ್ತಿ ಸ್ಲ್ಯಾಬಿಗೆ ಲೇಪ ಹಾಕಿಸಬೇಕು. 1200 ಚದರ ಅಡಿ ಎಂದು ಹಿಡಿಯಬಹುದೇ?

ಸುಮ್ಮನೆ ಅಂದಾಜಿಗಾದರೆ ಹಿಡಿಯಬಹುದು, ಸಾಮಾನು ತರುವುದಕ್ಕಾದರೆ ಸಾಲದು. ಸುತ್ತಲೂ ನಾಲ್ಕೂವರೆ ಅಂಗುಲ ದಪ್ಪದ ಪ್ಯಾರಾಪೆಟ್ ಗೋಡೆ ಇದೆ ಎಂದುಕೊಳ್ಳೋಣ. ಆಗ ಒಳಗಿನ ಅಳತೆ 29.25 ಅಡಿಗೆ 39.25 ಅಡಿ, ಗುಣಿಸಿದರೆ 1148 ಚದರ ಅಡಿ. ಆದರೆ ನೀರು ಸೋರುವುದು ಬಹುತೇಕ ಸ್ಲ್ಯಾಬು ಮತ್ತು ಪ್ಯಾರಾಪೆಟ್ ಕೂಡುವ ಮೂಲೆಯಿಂದಲೇ ಆದ ಕಾರಣ, ಲೇಪವನ್ನು ಗೋಡೆಯ ಮೇಲೆ ಒಂದಡಿಯವರೆಗಾದರೂ ಏರಿಸಬೇಕು. ಒಳಸುತ್ತಳತೆ 137 ಅಡಿ, ಅದರ ಮೇಲೆ ಒಂದಡಿ ಎತ್ತರವೆಂದರೆ ಇನ್ನೂ 137 ಚದರ ಅಡಿ. ಒಟ್ಟು 1285. ಹೀಗೆ ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡಿದ ಮೇಲೆ 1200ಕ್ಕಿಂತ 85 ಚದರ ಅಡಿ ಹೆಚ್ಚೇ ಆಯಿತು.

ನೀರು ಹರಿಯಲೆಂದು ಕೊಡುವ ಅಲ್ಪ ಇಳಿಜಾರನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. 100 ಅಡಿಗೆ ಒಂದಡಿ ಇಳಿದರೆ ಮೈಯಳತೆಯಲ್ಲಿ ಆಗುವ ವ್ಯತ್ಯಾಸ ಟೇಪಿಗೂ ಸಿಗುವುದಿಲ್ಲ. ಮೆಟ್ಟಿಲಿನ ಹೆಡ್‌ರೂಮು ಇದ್ದರೆ ಅದು ಹಿಡಿದ ಜಾಗವನ್ನು ಕೆಳಗೆ ಕಳೆದು, ಅದರ ನೆತ್ತಿಯನ್ನು ಬೇರೆಯಾಗಿ ಅಳೆದು ಕೂಡಬೇಕು. ಕಿಟಕಿಗಳ ಮೇಲಿನ ಸಜ್ಜಾಗಳನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯಬೇಕು. ನೀರಿನ ಟ್ಯಾಂಕಿನ ಕೆಳಗಿನ ಜಾಗವನ್ನು ಮಾತ್ರ ಕಳೆಯಬೇಡಿ. ಟ್ಯಾಂಕು ಸರಿಸಿ ಅಲ್ಲಿಯೂ ಲೇಪ ಹಾಕಿಸದಿದ್ದರೆ ಉಳಿದ ಕೆಲಸವೆಲ್ಲ ವ್ಯರ್ಥ.

ನಮ್ಮ ಮನೆ ಹಳೆಯ ಊರಿನೊಳಗಿದೆ, ನಾಲ್ಕೂ ಮೂಲೆ ಸರಿಯಾಗಿಲ್ಲ. ಹೇಗೆ ಅಳೆಯುವುದು?

ಎದುರುಬದುರಿನ ಬದಿಗಳ ಸರಾಸರಿ ತೆಗೆದು ಗುಣಿಸುವ ರೂಢಿ ಎಲ್ಲೆಡೆ ಇದೆ. ಈ ರೀತಿಯಲ್ಲಿ ಬರುವ ಉತ್ತರ ಆಯತಾಕಾರದ ಚಾವಣಿಗೆ ಮಾತ್ರ ಸರಿ. ಮೂಲೆ ಸೊಟ್ಟಗಿದ್ದ ಪ್ರತಿಯೊಂದು ಚಾವಣಿಗೂ ಅದು ನಿಜಕ್ಕಿಂತ ಹೆಚ್ಚೇ ತೋರಿಸುತ್ತದೆ. ಸರಿಯಾದ ದಾರಿಯೆಂದರೆ ನಾಲ್ಕು ಬದಿಗಳ ಜೊತೆಗೆ ಮೂಲೆಯಿಂದ ಎದುರು ಮೂಲೆಗೆ ಒಂದು ಕರ್ಣವನ್ನೂ ಅಳೆದು, ಚಾವಣಿಯನ್ನು ಎರಡು ತ್ರಿಕೋನಗಳಾಗಿ ಒಡೆಯುವುದು. ಮೂರು ಬದಿ ಗೊತ್ತಿರುವ ತ್ರಿಕೋನದ ಕ್ಷೇತ್ರಫಲಕ್ಕೆ ಶಾಲೆಯಲ್ಲಿ ಕಲಿತ ಹೆರಾನನ ಸೂತ್ರವಿದೆ: ಮೂರು ಬದಿ ಕೂಡಿಸಿ ಅರ್ಧ ಮಾಡಿ, ಆ ಅರ್ಧದಿಂದ ಒಂದೊಂದೇ ಬದಿಯನ್ನು ಕಳೆದು, ಬಂದ ಮೂರು ಅಂಕಿಗಳನ್ನೂ ಆ ಅರ್ಧವನ್ನೂ ಗುಣಿಸಿ, ವರ್ಗಮೂಲ ತೆಗೆಯಬೇಕು.

ಉದಾಹರಣೆಗೆ ಎದುರುಬದುರಿನ ಬದಿಗಳು 30 ಮತ್ತು 40 ಅಡಿಯೇ ಇವೆ, ಆದರೆ ಕರ್ಣ 50 ಅಡಿ ಇರುವ ಬದಲು 46 ಇದೆ ಎನ್ನಿ. ಅರ್ಧಮೊತ್ತ 58, 58×28×18×12ರ ವರ್ಗಮೂಲ ಸುಮಾರು 592.3, ಎರಡು ತ್ರಿಕೋನ ಸೇರಿ 1184.5 ಚದರ ಅಡಿ. 1200 ಎಂದು ಬರೆದಿದ್ದರೆ 15 ಚದರ ಅಡಿ ಗಾಳಿಯ ಲೆಕ್ಕವಾಗುತ್ತಿತ್ತು.

ಮಣ್ಣಿನ ಮಾಳಿಗೆಗೆ ಮಣ್ಣು ಎಷ್ಟು ಬೇಕೆಂದು ಲೆಕ್ಕ ಹಾಕುವುದು ಹೇಗೆ?

ಜಂತಿ, ತೊಲೆಗಳ ಮೇಲೆ ಹರವಿದ ಮಣ್ಣು ಗೋಡೆಗಳ ತಲೆಯ ಮೇಲೂ ಹರಡಿರುತ್ತದೆ. ಆದ್ದರಿಂದ ಹೊರ ಅಳತೆ ಹಿಡಿಯಬೇಕು. ಈ ಮನೆಗಳ ಗೋಡೆ ದಪ್ಪವಿರುವುದರಿಂದ ಒಳ ಅಳತೆ ಹಿಡಿದರೆ ಲೆಕ್ಕ ಬಹಳ ತಪ್ಪುತ್ತದೆ. 20×30 ಅಡಿಯ ಮಾಳಿಗೆಗೆ 4 ಅಂಗುಲ ಹೊಸ ಮಣ್ಣು ಹಾಕಬೇಕಾದರೆ 600ನ್ನು 3ರಿಂದ ಭಾಗಿಸಿ: 200 ಘನ ಅಡಿ, ಅಂದರೆ ಎರಡು ಬ್ರಾಸ್. ಇದು ಬಡಿದು ಗಟ್ಟಿಯಾದ ಮೇಲಿನ ಅಳತೆ, ತರುವಾಗ ಸಡಿಲ ಮಣ್ಣು ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ಅಂಗೈಯಗಲದ ಬೆಳಕಿಂಡಿಗಳನ್ನು ಕಳೆಯುವ ಅಗತ್ಯವಿಲ್ಲ.

ಒಂದೇ ಕಡೆಗೆ ಇಳಿಜಾರಿರುವ ಪತ್ರಾ ಶೆಡ್ಡಿನ ಲೆಕ್ಕ ಹೇಗೆ?

ಮಟ್ಟವಾಗಿ ಅಳೆದ ಅಗಲ, ಎತ್ತರದ ಏರಿಕೆ ಮತ್ತು ಇಳಿಜಾರಿನ ಉದ್ದ ಇವು ಮೂರು ಸೇರಿ ಒಂದು ಲಂಬಕೋನ ತ್ರಿಕೋನ. ಗೌಂಡಿಗಳು ಗುನ್ಯಾ (ಮೂಲೆಮಟ್ಟ) ಇಲ್ಲದಾಗ 3, 4, 5 ಹಿಡಿದು ಮೂಲೆ ಹೊಂದಿಸುತ್ತಾರಲ್ಲ, ಅದೇ ನಿಯಮ ಇಲ್ಲಿಯೂ ನಡೆಯುತ್ತದೆ. ಅಗಲದ ವರ್ಗಕ್ಕೆ ಏರಿಕೆಯ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಇಳಿಜಾರಿನ ಉದ್ದ ಸಿಗುತ್ತದೆ. ದನದ ಶೆಡ್ಡಿನ ಅಗಲ 12 ಅಡಿ, ಪತ್ರಾದ ಮುಂದಿನ ಅಂಚಿಗಿಂತ ಹಿಂದಿನ ಅಂಚು 3 ಅಡಿ ಎತ್ತರ ಎಂದರೆ, 144 ಮತ್ತು 9 ಕೂಡಿ 153. ಅದರ ವರ್ಗಮೂಲ 12.37 ಅಡಿ. ಶೆಡ್ಡಿನ ಉದ್ದ 20 ಅಡಿಯಾದರೆ ಮೈಯಳತೆ 247 ಚದರ ಅಡಿ. ಇಲ್ಲಿ 12 ಅಡಿ ಎಂಬುದು ಕಂಬದಿಂದ ಕಂಬಕ್ಕಲ್ಲ, ಪತ್ರಾದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಚಾಚು ಸೇರಿಸಿ ಮಟ್ಟವಾಗಿ ಹಿಡಿದ ಅಳತೆಯಾಗಿರಬೇಕು. ಏರಿಕೆಯೂ ಆ ಎರಡು ಅಂಚುಗಳದ್ದೇ ಆಗಿರಬೇಕು.

ಮೇಲೆ ಹತ್ತದೆ ಇಳಿಜಾರು ತಿಳಿಯಬಹುದೇ?

ತಿಳಿಯಬಹುದು, ಹಾಗೆ ಮಾಡುವುದೇ ಒಳ್ಳೆಯದು. ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟರೆ ಅದು ಮುರಿಯಬಹುದು; ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟಿದಾಗ ಪತ್ರಾದ ಮೇಲೆ ಕೈಯಿಡಲೂ ಆಗುವುದಿಲ್ಲ. ಶೆಡ್ಡಿನ ಒಳಗೆ ನಿಂತು, ಲೆವೆಲ್ ಪಟ್ಟಿಯ ಒಂದು ತುದಿಯನ್ನು ಪತ್ರಾದ ಕೆಳಮೈಗೆ ತಾಗಿಸಿ, ಗಾಳಿಗುಳ್ಳೆ ನಡುವೆ ನಿಲ್ಲುವಂತೆ ಮಟ್ಟವಾಗಿ ಹಿಡಿಯಿರಿ. ತಾಗಿದ ತುದಿಯಿಂದ ಸರಿಯಾಗಿ 12 ಅಂಗುಲ ದೂರದಲ್ಲಿ ಪಟ್ಟಿಯಿಂದ ಪತ್ರಾದವರೆಗೆ ನೆಟ್ಟಗೆ ಎಷ್ಟು ಅಂಗುಲವಿದೆ ಎಂದು ನೋಡಿ. ಅದೇ ನಿಮ್ಮ ಇಳಿಜಾರು.

ಆ ಅಂಗುಲ 1 ಇದ್ದರೆ ನೆರಳಿನ ಅಳತೆಯನ್ನು 1.003ರಿಂದ ಗುಣಿಸಬೇಕು, 2 ಇದ್ದರೆ 1.014, 3 ಇದ್ದರೆ 1.031, 4 ಇದ್ದರೆ 1.054, 6 ಇದ್ದರೆ 1.118, 8 ಇದ್ದರೆ 1.202, 12 ಇದ್ದರೆ 1.414. ಈ ಏಳು ಅಂಕಿಗಳನ್ನು ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡರೆ ವರ್ಗಮೂಲದ ಗೊಡವೆಯೇ ಇರುವುದಿಲ್ಲ. ಇಳಿಜಾರು ಕಡಿದಾದಂತೆ ಗುಣಕ ಹೇಗೆ ಏರುತ್ತದೆ ಎಂಬುದನ್ನೂ ಗಮನಿಸಿ: 3 ಅಂಗುಲದವರೆಗೆ ನೂರಕ್ಕೆ ಮೂರರಷ್ಟೇ ಹೆಚ್ಚು, 12ಕ್ಕೆ ಬಂದಾಗ ನೂರಕ್ಕೆ ನಲವತ್ತೊಂದು.

ಎರಡು ಕಡೆ ಇಳಿಜಾರಿರುವ ಗೋದಾಮಿನ ಚಾವಣಿಗೆ?

ಪೂರ್ತಿ ಅಗಲದ ಅರ್ಧವನ್ನು ಹಿಡಿಯಬೇಕೆಂಬುದನ್ನು ಮರೆಯದಿದ್ದರೆ ಉಳಿದದ್ದು ಸುಲಭ. ತೊಗರಿ ಚೀಲ ಇಡುವ ಗೋದಾಮು ಒಂದರ ಚಾವಣಿ ಚಾಚು ಸೇರಿ 24 ಅಡಿ ಅಗಲ, 40 ಅಡಿ ಉದ್ದವಿದ್ದು, ನಡುವಿನ ಏಣು (ಎರಡು ಇಳಿಜಾರು ಕೂಡುವ ನೆತ್ತಿಯ ಗೆರೆ) ಅಂಚಿಗಿಂತ 6 ಅಡಿ ಮೇಲಿದೆ ಎಂದುಕೊಳ್ಳಿ. ಒಂದು ಬದಿಗೆ ಅಗಲ 12, ಏರಿಕೆ 6. ಇಳಿಜಾರಿನ ಉದ್ದ 13.42 ಅಡಿ. ಎರಡೂ ಬದಿ ಸೇರಿ 1073 ಚದರ ಅಡಿ. ನೆರಳಿನ ಅಳತೆ 960. ಎರಡು ತುದಿಗಳಲ್ಲಿ ಏಣಿನ ಕೆಳಗೆ ಕಾಣುವ ತ್ರಿಕೋನಗಳು ಗೋಡೆಯ ಲೆಕ್ಕಕ್ಕೆ ಸೇರುತ್ತವೆ, ಚಾವಣಿಗಲ್ಲ.

ಲೆಕ್ಕ 1073 ಬಂದರೆ ಅಂಗಡಿಯವರು 1274 ಚದರ ಅಡಿಯ ಬಿಲ್ಲು ಕೊಡುತ್ತಾರೆ. ಇದು ಮೋಸವೇ?

ಮೋಸವೆಂದು ಹೇಳುವ ಮೊದಲು ಪತ್ರಾಗಳನ್ನು ಎಣಿಸಿ ನೋಡಿ. ಮೂರೂವರೆ ಅಡಿ ಅಗಲದ ಪತ್ರಾ ಪಕ್ಕದ ಪತ್ರಾದ ಮೇಲೆ ಒಂದು ಅಲೆಯಷ್ಟು ಹತ್ತಿ ಕೂರುವುದರಿಂದ ಮುಚ್ಚುವುದು ಸುಮಾರು ಮೂರೂಕಾಲು ಅಡಿಯನ್ನು ಮಾತ್ರ. 40 ಅಡಿಯನ್ನು 3.25ರಿಂದ ಭಾಗಿಸಿದರೆ 12.3, ಅರ್ಧ ಪತ್ರಾ ಸಿಗುವುದಿಲ್ಲವಾದ್ದರಿಂದ 13. ಎರಡು ಬದಿಗೆ 26. ಇಳಿಜಾರು 13.42 ಅಡಿಯಿದ್ದು ನೀವು 14 ಅಡಿಯ ಪತ್ರಾ ತಂದರೆ, 26×14×3.5 ಸರಿಯಾಗಿ 1274 ಆಗುತ್ತದೆ. ಆದ್ದರಿಂದ ಪತ್ರಾ ಕೊಳ್ಳುವಾಗ ಚದರ ಅಡಿಯಲ್ಲಿ ಮಾತನಾಡದೆ, ಇಷ್ಟು ಉದ್ದದ್ದು ಇಷ್ಟು ಎಂದು ಎಣಿಕೆಯಲ್ಲಿ ಮಾತನಾಡುವುದು ಮೇಲು. ಏಣಿನ ಮೇಲಿನ ಟೋಪಿ ಪಟ್ಟಿಯನ್ನು 40 ಅಡಿಯ ಓಟದ ಲೆಕ್ಕದಲ್ಲಿ ಬೇರೆಯಾಗಿ ಬರೆಯಿರಿ. ಕೂಲಿಯನ್ನು ಮಾತ್ರ 1073ಕ್ಕೆ ಕೊಡಬೇಕೋ 1274ಕ್ಕೆ ಕೊಡಬೇಕೋ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ.

ನಾಲ್ಕು ಕಡೆಗೂ ಇಳಿಜಾರಿದ್ದರೆ ಲೆಕ್ಕ ಬಹಳ ಕಷ್ಟವೇ?

ಕಷ್ಟವೆಂದು ಕಾಣುತ್ತದೆ, ಆದರೆ ಎಲ್ಲ ಚಾವಣಿಗಳಲ್ಲಿ ನನಗೆ ಬಹಳ ಇಷ್ಟವಾದ ಲೆಕ್ಕ ಇದು. ಮೇಲಿನ ಗೋದಾಮಿಗೇ ನಾಲ್ಕು ಕಡೆಯಿಂದಲೂ ಅದೇ ಇಳಿಜಾರು ಕೊಟ್ಟರೆ, ಉದ್ದದ ಎರಡು ಬದಿ ತ್ರಾಪಿಜ್ಯಗಳಾಗುತ್ತವೆ, ಗಿಡ್ಡ ಬದಿಗಳು ತ್ರಿಕೋನಗಳಾಗುತ್ತವೆ. ಏಣು 40 ಅಡಿಯಿಂದ 16 ಅಡಿಗೆ ಇಳಿಯುತ್ತದೆ. ತ್ರಾಪಿಜ್ಯಗಳೆರಡೂ ಸೇರಿ 751, ತ್ರಿಕೋನಗಳೆರಡೂ ಸೇರಿ 322, ಒಟ್ಟು 1073. ಅಂದರೆ ಎರಡು ಇಳಿಜಾರಿನ ಚಾವಣಿಗೆ ಬಂದ ಉತ್ತರವೇ ಬಂತು. ಕಾರಣ ಇಷ್ಟೇ: ಎಲ್ಲ ಬದಿಗಳ ಇಳಿಜಾರು ಒಂದೇ ಆಗಿದ್ದರೆ, ಚಾವಣಿಯ ಪ್ರತಿಯೊಂದು ಚೂರೂ ತನ್ನ ನೆರಳಿಗಿಂತ ಒಂದೇ ಪ್ರಮಾಣದಲ್ಲಿ ಹಿಗ್ಗಿರುತ್ತದೆ. ಆದ್ದರಿಂದ ಎಷ್ಟೇ ಮಡಿಕೆಗಳಿದ್ದರೂ ನೆರಳಿನ ಅಳತೆಯನ್ನು ಗುಣಕದಿಂದ ಗುಣಿಸಿದರೆ ಸಾಕು: 960×1.118. ಬದಿಬದಿಗೆ ಇಳಿಜಾರು ಬೇರೆಬೇರೆಯಾಗಿದ್ದರೆ ಮಾತ್ರ ಪ್ರತಿಯೊಂದನ್ನೂ ಬಿಡಿಯಾಗಿ ಅಳೆಯಬೇಕು.

ಚೌಕದ ಮಂಟಪದ ಮೇಲಿನ ಪಿರಮಿಡ್ಡಿಗೂ ಇದೇ ನಿಯಮ. 12×12 ಅಡಿಯ ಬುಡ, 8 ಅಡಿ ಎತ್ತರವಿದ್ದರೆ ಇಳಿಜಾರು 10 ಅಡಿ, ಮೈ 240 ಚದರ ಅಡಿ. ದುಂಡನೆಯ ಗುಡಿಸಲಾದರೆ ಪೈಯನ್ನು ತ್ರಿಜ್ಯದಿಂದಲೂ ಇಳಿಜಾರಿನಿಂದಲೂ ಗುಣಿಸಬೇಕು. 6 ಅಡಿ ತ್ರಿಜ್ಯ, 10 ಅಡಿ ಇಳಿಜಾರಿಗೆ 188 ಚದರ ಅಡಿಗೆ ತುಸು ಮೇಲೆ.

ಇಳಿಜಾರು ಹೆಚ್ಚಿದ್ದರೆ ಮಳೆನೀರೂ ಹೆಚ್ಚು ಸಿಗುತ್ತದೆಯೇ?

ಇಲ್ಲ. ಮಳೆ ಮೇಲಿನಿಂದ ಬೀಳುವುದು ನೆರಳಿನ ಅಳತೆಯ ಮೇಲೆಯೇ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಗೋದಾಮಿನ 960 ಚದರ ಅಡಿ ಎಂದರೆ 89.2 ಚದರ ಮೀಟರ್. 25 ಮಿಲಿಮೀಟರ್ ಮಳೆಗೆ 2230 ಲೀಟರ್. ಇದನ್ನೇ 1073 ಹಿಡಿದು ಲೆಕ್ಕ ಹಾಕಿದವರು ಸುಮಾರು 260 ಲೀಟರ್ ಇಲ್ಲದ ನೀರಿಗೆ ಟ್ಯಾಂಕು ಕಟ್ಟಿಸುತ್ತಾರೆ. ಬಿದ್ದದ್ದರಲ್ಲೂ ಚಿಮ್ಮಿ, ಆರಿ ಹೋಗುವುದನ್ನು ಬಿಟ್ಟು ನೂರಕ್ಕೆ ಎಂಬತ್ತರಷ್ಟು ಕೈಗೆ ಸಿಗುತ್ತದೆಂದು ಹಿಡಿಯುವುದು ಕ್ಷೇಮ.

ಪತ್ರಾಕ್ಕೆ ಬಿಳಿ ಬಣ್ಣ ಬಳಿಸಿದಾಗ ಲೆಕ್ಕಕ್ಕಿಂತ ಬಣ್ಣ ಹೆಚ್ಚು ಹಿಡಿಯಿತು. ಯಾಕೆ?

ಅಲೆಗಳ ಕಾರಣದಿಂದ. ಟೇಪು ಅಲೆಗಳ ನೆತ್ತಿಯಿಂದ ನೆತ್ತಿಗೆ ಹಾರಿ ಹೋಗುತ್ತದೆ, ಕುಂಚ ಪ್ರತಿಯೊಂದು ತಗ್ಗಿಗೂ ಇಳಿದು ಏರುತ್ತದೆ. ಒಂದು ಹತ್ತಿಯ ದಾರ ತೆಗೆದುಕೊಂಡು ಪತ್ರಾದ ಅಂಚಿನಲ್ಲಿ ಇಟ್ಟು, ಹೆಬ್ಬೆರಳಿನಿಂದ ಒತ್ತುತ್ತ ಪ್ರತಿಯೊಂದು ಅಲೆಯೊಳಗೂ ಕೂರಿಸುತ್ತ ಆ ತುದಿಯವರೆಗೆ ಹೋಗಿ ಗಂಟು ಹಾಕಿ. ದಾರವನ್ನು ನೆಟ್ಟಗೆ ಮಾಡಿ ಅಳೆದರೆ, ಪತ್ರಾದ ಅಗಲಕ್ಕಿಂತ ಅದು ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಉದ್ದವಾಗಿರುವುದು ಸಾಮಾನ್ಯ. ದಾರದ ಉದ್ದವನ್ನು ಅಗಲದಿಂದ ಭಾಗಿಸಿ ಬಂದ ಅಂಕಿಯಿಂದ ಮೈಯಳತೆಯನ್ನು ಮತ್ತೊಮ್ಮೆ ಗುಣಿಸಿ.

ಕಮಾನಿನ ಆಕಾರದ ಚಾವಣಿಯನ್ನು ಅಳೆಯುವುದು ಹೇಗೆ?

ಕಮಾನು ಚಾವಣಿ ನಮಗೆ ಹೊಸದಲ್ಲ. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯಲ್ಲಿ ತೆರೆದ ಅಂಗಳವೇ ಇಲ್ಲ, ಕಮಾನು ಚಾವಣಿ ಮತ್ತು ಗುಮ್ಮಟಗಳು ಸೇರಿ ಪೂರ್ತಿ ಕಟ್ಟಡವನ್ನು ಮುಚ್ಚಿವೆ. ಇಂದು ಅದೇ ಬಾಗು ಕಲ್ಯಾಣ ಮಂಟಪಗಳ ಮತ್ತು ಗೋದಾಮುಗಳ ಪತ್ರಾ ಚಾವಣಿಯಲ್ಲಿ ಕಾಣುತ್ತದೆ. ವೃತ್ತದ ತುಂಡಿನಂಥ ತಗ್ಗು ಬಾಗಿಗೆ ಸುಲಭದ ದಾರಿಯಿದೆ: ಏರಿಕೆಯ ವರ್ಗವನ್ನು 8ರಿಂದ ಗುಣಿಸಿ, ಅಗಲದ ಮೂರರಷ್ಟರಿಂದ ಭಾಗಿಸಿ, ಬಂದದ್ದನ್ನು ಅಗಲಕ್ಕೆ ಕೂಡಿಸಿ. 30 ಅಡಿ ಅಗಲ, ನಡುವೆ 6 ಅಡಿ ಏರಿಕೆ ಇದ್ದರೆ 288ನ್ನು 90ರಿಂದ ಭಾಗಿಸಿ 3.2; ಬಾಗಿನ ಉದ್ದ 33.2 ಅಡಿ. ಕೋನ ಹಿಡಿದು ಕರಾರುವಾಕ್ಕಾಗಿ ಮಾಡಿದರೆ 33.1 ಬರುತ್ತದೆ, ವ್ಯತ್ಯಾಸ ಒಂದಂಗುಲದಷ್ಟು. ಇದನ್ನು ಉದ್ದದಿಂದ ಗುಣಿಸಿದರೆ ಮುಗಿಯಿತು. ಏರಿಕೆ ಅಗಲದ ಕಾಲು ಭಾಗಕ್ಕಿಂತ ಹೆಚ್ಚಿದ್ದರೆ ಈ ದಾರಿಯನ್ನು ನಂಬದೆ ಹಗ್ಗ ಹಾಯಿಸಿ ಅಳೆಯಿರಿ.

ಗುಮ್ಮಟಕ್ಕೆ ಸುಣ್ಣ ಬಳಿಸಬೇಕು. ನಡುವಿನ ವ್ಯಾಸ ಅಳೆಯಲು ಆಗುವುದಿಲ್ಲ. ಏನು ಮಾಡುವುದು?

ವ್ಯಾಸ ಬೇಡ, ಬುಡದ ಸುತ್ತ ಒಂದು ಹಗ್ಗ ಸುತ್ತಿ. ಗುಮ್ಮಟ ಸರಿಯಾದ ಅರ್ಧಗೋಳವಾಗಿದ್ದರೆ ಸುತ್ತಳತೆಯ ವರ್ಗವನ್ನು 6.28ರಿಂದ ಭಾಗಿಸಿದರೆ ಮೈಯಳತೆ ಸಿಗುತ್ತದೆ. ಹಗ್ಗ 63 ಅಡಿ ಬಂದರೆ 3969ನ್ನು ಭಾಗಿಸಿ ಸುಮಾರು 632 ಚದರ ಅಡಿ. ಅರ್ಧಗೋಳದ ಮೈ ಅದರ ನೆರಳಿನ ಸರಿಯಾಗಿ ಎರಡರಷ್ಟಿರುತ್ತದೆ ಎಂಬುದನ್ನು ನೆನಪಿಟ್ಟರೆ ಉತ್ತರ ತಾಳೆ ನೋಡುವುದು ಸುಲಭ. ತಗ್ಗು ಗುಮ್ಮಟವಾದರೆ ಬುಡದ ತ್ರಿಜ್ಯದ ವರ್ಗಕ್ಕೆ ಎತ್ತರದ ವರ್ಗ ಕೂಡಿಸಿ ಪೈಯಿಂದ ಗುಣಿಸಬೇಕು: 10 ಅಡಿ ತ್ರಿಜ್ಯ, 4 ಅಡಿ ಎತ್ತರಕ್ಕೆ 364 ಚದರ ಅಡಿ.

ಬುಡಕ್ಕಿಂತ ಹೊಟ್ಟೆ ಉಬ್ಬಿದ, ಮೇಲೆ ಚೂಪಾದ ಗುಮ್ಮಟಗಳಿಗೆ ಒಂದೇ ಸೂತ್ರ ಒಗ್ಗುವುದಿಲ್ಲ. ಅವನ್ನು ಬಳೆಗಳಂತೆ ಪಟ್ಟಿಗಳಾಗಿ ವಿಂಗಡಿಸಿ. ಪ್ರತಿಯೊಂದು ಪಟ್ಟಿಯ ಕೆಳಗಿನ ಮತ್ತು ಮೇಲಿನ ಸುತ್ತಳತೆಗಳ ಸರಾಸರಿಯನ್ನು, ಮೈಗೆ ಅಂಟಿಸಿ ಅಳೆದ ಪಟ್ಟಿಯ ಅಗಲದಿಂದ ಗುಣಿಸಿ. ಬುಡದಲ್ಲಿ 50 ಅಡಿ, ಅಲ್ಲಿಂದ ಮೂರು ಮೂರು ಅಡಿಗೆ 54, 46, 32, ಕೊನೆಗೆ ತುದಿಗೆ ಐದೂವರೆ ಅಡಿ ಎನ್ನಿ. ಪಟ್ಟಿಗಳು 156, 150, 117, 88. ಒಟ್ಟು 511 ಚದರ ಅಡಿ. ಪಟ್ಟಿ ಕಿರಿದಾದಷ್ಟೂ ಲೆಕ್ಕ ನಿಖರ.

ಗುಮ್ಮಟದ ಒಳಮೈಗೂ ಹೊರಮೈಗೂ ಒಂದೇ ಅಳತೆ ಹಿಡಿಯಬಹುದೇ?

ಹಿಡಿಯಬಾರದು. ಬೀದರ್ ಹತ್ತಿರದ ಅಷ್ಟೂರಿಗೆ ಹೋದವರು ಸಿಡಿಲು ಬಡಿದು ಅರ್ಧ ಕುಸಿದ, ಬಹಮನಿ ಸುಲ್ತಾನ ಹುಮಾಯೂನ್ ಷಾನ ಗೋರಿಯನ್ನು ನೋಡಿರುತ್ತಾರೆ. ಹಣ್ಣು ಹೋಳು ಮಾಡಿದಂತೆ ತೆರೆದು ನಿಂತ ಆ ಗುಮ್ಮಟದ ಅಂಚಿನಲ್ಲಿ ಗಾರೆ ಕಟ್ಟಡದ ದಪ್ಪ ಎಷ್ಟಿರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಆ ದಪ್ಪವನ್ನು ಹೊರ ತ್ರಿಜ್ಯದಿಂದ ಕಳೆದ ಮೇಲೆಯೇ ಒಳಗಿನ ಲೆಕ್ಕ ಶುರುವಾಗಬೇಕು. ಹೊರ ತ್ರಿಜ್ಯ 10 ಅಡಿ, ದಪ್ಪ 2 ಅಡಿ ಇರುವ ಅರ್ಧಗೋಳಕ್ಕೆ ಹೊರಮೈ 628 ಚದರ ಅಡಿ, ಒಳಮೈ 402 ಮಾತ್ರ. ದಪ್ಪ ಗೊತ್ತಿಲ್ಲದ ಗುಮ್ಮಟದೊಳಗೆ, ನೆಲದ ಮೇಲೆ ನಿಂತು ತೂಗುಗುಂಡಿನ ನೆರವಿನಿಂದ ಗುಮ್ಮಟ ಶುರುವಾಗುವ ಸಾಲಿನ ಎದುರುಬದುರಿನ ಎರಡು ಬಿಂದುಗಳನ್ನು ನೆಲಕ್ಕೆ ಇಳಿಸಿ, ಅವುಗಳ ನಡುವಿನ ದೂರವನ್ನು ಟೇಪಿನಿಂದ ಅಳೆದರೆ ಒಳವ್ಯಾಸ ನೇರವಾಗಿ ಸಿಗುತ್ತದೆ.